ಎಲೋಯ್ ಮೇಸ್ತ್ರಿಯ ಎಡಗಾಲು

ದೋನ್ ಎಲೋಯ್ ಕಲ್ಯಿಸಾಯಾ ಅವರ ಎಡಗಾಲು ಮುರಿದದ್ದು ಫೆಬ್ರವರಿಯ ಕಾರ್ನಿವಲ್ ಹಬ್ಬದ ಮಂಗಳವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಆ ದಿನ ಲಾ ಪಾಸ್ ಊರಿನಲ್ಲಿ ಗಾಡಿ ಇರುವವರೆಲ್ಲ ಅದನ್ನು ತೊಳೆದು, ಬಣ್ಣದ ಕಾಗದದ ಸುರುಳಿ ಸುತ್ತಿ, ಬಲೂನು ಕಟ್ಟಿ, ನಾಲ್ಕು ಚಕ್ರಕ್ಕೂ ಬಿಯರ್ ಎರೆಯುತ್ತಾರೆ. ಅವರ ಹೆಂಡತಿ ದೋನ್ಯಾ ಬಾಸಿಲಿಯಾ ಚಕ್ರಗಳಿಗೆ ಎರೆದು ಉಳಿದ ಬಿಯರನ್ನು ಮಿನಿಬಸ್ಸಿನ ಚಾವಣಿಗೂ ಎರಚಿದರು. ಕೊನೆಯ ಬಲೂನು ಕಟ್ಟಲು ಎಲೋಯ್ ಅದೇ ಚಾವಣಿಗೆ ಹತ್ತಿದರು. ಜಾರಿ ಬಿದ್ದಾಗ ಪಾದದ ಗಂಟಿನ ಹತ್ತಿರ ಎರಡು ಕಡೆ ಮುರಿಯಿತು. “ಬಲೂನಿಗೇನೂ ಆಗ್ಲಿಲ್ಲ” ಎಂದು ದೋನ್ಯಾ ಬಾಸಿಲಿಯಾ ಈಗಲೂ ಹೇಳುತ್ತಾರೆ.

ನಮ್ಮೂರಿನಲ್ಲಿ ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಚಾಲಕನಿಗೆ ಎಡಗಾಲು ಎಂದರೆ ಕ್ಲಚ್ಚಿನ ಕಾಲು. ಎಲೋಯ್ ಆಗ ಐವತ್ತಮೂರು ವರ್ಷದವರು. ಗುಡ್ಡದ ಮೇಲಂಚಿನ ಸೆಹಾ ಎಂಬ ಬಡಾವಣೆಯಿಂದ ಕೆಳಗಿನ ಪೇಟೆಗೆ ಇಳಿದು, ಮತ್ತೆ ಏರುವ ಒಂದೇ ಲೈನಿನಲ್ಲಿ ಇಪ್ಪತ್ತಾರು ವರ್ಷ ಗಾಡಿ ಓಡಿಸಿದ್ದರು. ಗಾಡಿ ಅವರ ಸ್ವಂತದ್ದು. ಆದರೆ ಆ ಲೈನಿನಲ್ಲಿ ಓಡಿಸುವ ಸ್ಥಾನವನ್ನು ಕೊಡುವುದು ಚಾಲಕರ ಸಂಘ. ಸಂಘದ ನಿಯಮ ಹೀಗಿತ್ತು: ಗಾಯವಾಗಿ ಬಿಟ್ಟುಹೋದ ಸದಸ್ಯ ಆರು ತಿಂಗಳೊಳಗೆ ಏರಿನ ಪರೀಕ್ಷೆ ಕೊಟ್ಟು ವಾಪಸು ಬರಬೇಕು. ಬರದಿದ್ದರೆ ಸ್ಥಾನವು ಅವನ ಬದಲಿಗೆ ಓಡಿಸುತ್ತಿರುವವನಿಗೆ ಹೋಗುತ್ತದೆ. ಎಲೋಯ್ ಅವರ ಬದಲಿಗೆ ಅವರದೇ ಗಾಡಿ ಓಡಿಸುತ್ತಿದ್ದವನು ವಿಲ್ಮಾರ್ ಎಂಬ ಇಪ್ಪತ್ತೆಂಟು ವರ್ಷದವನು. ಒಳ್ಳೆಯ ಚಾಲಕ, ಮಾತು ಕಡಿಮೆ. ಆಗಸ್ಟ್ ಹತ್ತನೇ ತಾರೀಕಿನೊಳಗೆ ಎಲೋಯ್ ಪರೀಕ್ಷೆಯಲ್ಲಿ ಗೆಲ್ಲದಿದ್ದರೆ ಸ್ಥಾನ ತನ್ನದಾಗುತ್ತದೆ ಎಂದು ಅವನಿಗೂ ಗೊತ್ತಿತ್ತು, ಉಳಿದ ಎಲ್ಲರಿಗೂ ಗೊತ್ತಿತ್ತು.

ಏರಿನ ಪರೀಕ್ಷೆ ಹೊಸದೇನಲ್ಲ. ನಿಲ್ದಾಣದ ಹಿಂದಿನ ಕಡಿದಾದ ಬೀದಿಯಲ್ಲಿ ಗಾಡಿಯನ್ನು ಮೇಲ್ಮುಖವಾಗಿ ನಿಲ್ಲಿಸುತ್ತಾರೆ. ಹಿಂದಿನ ಚಕ್ರಕ್ಕೆ ತಾಗಿಸಿ ಒಂದು ಬೆಂಕಿಪೊಟ್ಟಣ ಇಡುತ್ತಾರೆ. ಹ್ಯಾಂಡ್‌ಬ್ರೇಕ್ ಮುಟ್ಟದೆ ಹೊರಡಬೇಕು. ಗಾಡಿ ಬೆರಳಗಲ ಹಿಂದೆ ಸರಿದರೂ ಪೊಟ್ಟಣ ಚಪ್ಪಟೆಯಾಗುತ್ತದೆ. ಮೂರು ಸಲ ಹೊರಡಬೇಕು, ಅದರಲ್ಲಿ ಎರಡು ಸಲ ಪೊಟ್ಟಣ ಉಳಿಯಬೇಕು.

ಏಪ್ರಿಲ್ ಮಧ್ಯದಲ್ಲಿ ಪ್ಲಾಸ್ಟರ್ ತೆಗೆದರು. ಕಾಲು ತೆಳ್ಳಗಾಗಿತ್ತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಸರಳವಾದದ್ದು. ಕಾಲು ಎತ್ತಿ ಮುಂದೆ ಇಡಬೇಕು, ಎತ್ತಿ ಪಕ್ಕಕ್ಕೆ ಇಡಬೇಕು, ದಿನಕ್ಕೆ ಇನ್ನೂರು ಸಲ. ಎಲೋಯ್ ನಲವತ್ತಕ್ಕೆ ನಿಲ್ಲಿಸಿಬಿಡುತ್ತಿದ್ದರು.

“ಗೋಡೆ ನೋಡ್ಕೊಂಡು ಎಷ್ಟು ಹೊತ್ತು ಕಾಲೆತ್ತೋದು? ಗೋಡೆಗಾದ್ರೂ ಬೇಜಾರಾಗಲ್ವಾ?” ಎಂದು ಹೆಂಡತಿಯನ್ನು ಕೇಳಿದ್ದರಂತೆ.

ಪೇಟೆಯ ಒಂದು ಅಂಗಡಿ ಸಾಲಿನ ನೆಲಮಾಳಿಗೆಯಲ್ಲಿ ನಾವೆಲ್ಲ ಹೋಗುವ ತಿಲಿನ್ ಇದೆ. ಬಿಲ್ಲೆ ಹಾಕಿ ಆಡುವ ಯಂತ್ರಗಳ ಜಾಗಕ್ಕೆ ನಮ್ಮೂರಿನಲ್ಲಿ ಹಾಗೆನ್ನುತ್ತಾರೆ. ಮೆಟ್ಟಿಲಿಳಿದ ಕೂಡಲೇ ಎದುರಿಗೆ ಕುಣಿತದ ಯಂತ್ರ. ಒಂದು ದಿನ ದೋನ್ಯಾ ಬಾಸಿಲಿಯಾ ಮೇಲಿನ ಅಂಗಡಿಯಲ್ಲಿ ಹೆಣೆಯಲು ಉಣ್ಣೆ ಆಯುತ್ತಿದ್ದಾಗ ಎಲೋಯ್ ಊರುಗೋಲು ಹಿಡಿದು, ಕೂರಲು ಜಾಗ ಸಿಕ್ಕೀತೆಂದು ಕೆಳಗಿಳಿದು ಬಂದರು. ಆಗ ಯಂತ್ರದ ಮೇಲೆ ಲಿಸೆತ್ ಇದ್ದಳು. ಲಿಸೆತ್‌ಗೆ ಹತ್ತೊಂಬತ್ತು, ವಿಶ್ವವಿದ್ಯಾಲಯದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ನಮ್ಮ ತಿಲಿನಿನಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಇನ್ನೊಬ್ಬರಿಲ್ಲ.

ಎಲೋಯ್ ಪರದೆಯನ್ನು ನೋಡಲಿಲ್ಲ. ಎತ್ತಿ ಮುಂದೆ, ಎತ್ತಿ ಪಕ್ಕಕ್ಕೆ ಇಡುತ್ತಿದ್ದ ಅವಳ ಕಾಲುಗಳನ್ನು ನೋಡುತ್ತ ನಿಂತರು. ಅವಳು ಮುಗಿಸಿ ಬೆವರು ಒರೆಸಿಕೊಳ್ಳುವಾಗ ಕೇಳಿದರು:

“ಮಗಳೇ, ಇದನ್ನ ನಿಂಗೂ ಆಸ್ಪತ್ರೇಲೇ ಹೇಳ್ಕೊಟ್ರಾ?”

ಲಿಸೆತ್‌ಗೆ ಅರ್ಥವಾಗಲಿಲ್ಲ. ಅವರು ಕಾಲು ತೋರಿಸಿ ವಿಷಯವನ್ನೆಲ್ಲ ಹೇಳಿದರು, ಬೆಂಕಿಪೊಟ್ಟಣವನ್ನೂ ಸೇರಿಸಿ. ಅವಳು ಕಾಲನ್ನು ನೋಡಿದಳು, ಊರುಗೋಲನ್ನು ನೋಡಿದಳು.

“ಕೋಲು ಬಿಟ್ಟು ನಡಿಯೋಕೆ ಯಾವಾಗ ಹೇಳಿದಾರೆ?”

“ಮೇ ಹದಿನೈದಕ್ಕೆ.”

“ಹದಿನಾರಕ್ಕೆ ಬನ್ನಿ ಮೇಸ್ತ್ರಿ. ತೆಳು ಅಡಿಯ ಶೂ ಹಾಕ್ಕೊಂಡು ಬನ್ನಿ. ಈ ಬೂಟಲ್ಲಿ ಬಂದ್ರೆ ಯಂತ್ರ ನಿಮ್ಮನ್ನ ಪೊಲೀಸ್ ಅಂದ್ಕೊಳ್ಳುತ್ತೆ.”

ಹದಿನಾರಕ್ಕೆ ಅವರು ಬಂದರು. ನಿಜವಾಗಿ ಬರುತ್ತಾರೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ಕುಣಿತದ ಯಂತ್ರದ ಕೆಳಗೆ ಐದು ಹಲಗೆಗಳಿವೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಹಳದಿಯದೊಂದು. ಪರದೆಯಲ್ಲಿ ಬಾಣಗಳು ಕೆಳಗಿನಿಂದ ಮೇಲಕ್ಕೆ ತೇಲಿ ಬರುತ್ತವೆ. ಮೇಲಿನ ಗುರುತನ್ನು ಬಾಣ ಮುಟ್ಟುವ ಹೊತ್ತಿಗೆ ಅದೇ ಮೂಲೆಯ ಹಲಗೆಯನ್ನು ತುಳಿಯಬೇಕು. ಕೆಲವು ಬಾಣಗಳಿಗೆ ಉದ್ದ ಬಾಲವಿರುತ್ತದೆ. ಬಾಲ ಮುಗಿಯುವವರೆಗೆ ಕಾಲು ಎತ್ತುವ ಹಾಗಿಲ್ಲ. ಆಟ ಇಷ್ಟೇ. ಕಷ್ಟ ಎಷ್ಟೆಂಬುದು ಹಲಗೆಯ ಮೇಲೆ ನಿಂತ ಮೇಲೆ ತಿಳಿಯುತ್ತದೆ.

ಸರದಿಯ ಪದ್ಧತಿಯನ್ನು ಎಲೋಯ್‌ಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಪರದೆಯ ಕೆಳಗಿನ ಅಂಚಿನಲ್ಲಿ ಸಾಲಾಗಿ ಬಿಲ್ಲೆಗಳನ್ನು ಇಟ್ಟಿರುತ್ತಾರೆ, ಒಂದು ಬಿಲ್ಲೆಗೆ ಒಬ್ಬರ ಸರದಿ. ಅವರು ಅದನ್ನು ನೋಡಿ, “ನಿಲ್ದಾಣದಲ್ಲಿ ಗಾಡಿ ನಿಲ್ಸಿದ ಹಾಗೆ” ಎಂದು ತಮ್ಮದನ್ನು ಕೊನೆಯಲ್ಲಿ ಇಟ್ಟರು. ಸಾಲು ಮುಂದೆ ಸರಿದಂತೆ ಬಿಲ್ಲೆಗಳ ನಡುವಿನ ಅಂತರ ಸಮನಾಗುವ ಹಾಗೆ ಬೆರಳಿನಿಂದ ಜೋಡಿಸುತ್ತಲೂ ಇದ್ದರು.

ಮೊದಲ ದಿನ ಅತಿ ಸುಲಭದ ಮಟ್ಟ ಹಾಕಿದರೂ ಅವರು ಅರ್ಧ ಹಾಡನ್ನು ದಾಟಲಿಲ್ಲ. ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಬಾಣವನ್ನು ನೋಡುವರು, ತಲೆ ಬಗ್ಗಿಸಿ ಹಲಗೆ ಹುಡುಕುವರು, ತುಳಿಯುವರು, ತಲೆ ಎತ್ತುವರು. ಅಷ್ಟರಲ್ಲಿ ಆರು ಬಾಣ ಹೋಗಿಯಾಗಿರುತ್ತಿತ್ತು. ಪರದೆಯ ತುಂಬ ಮಿಸ್, ಮಿಸ್ ಎಂದು ಕೆಂಪು ಅಕ್ಷರ. ಸರದಿಗೆ ಕಾಯುತ್ತ ಬೆಂಚಿನ ಮೇಲಿದ್ದವರಿಗೆ ಅವರು ಚಾಲಕರೆಂದು ಆಗಲೇ ಗೊತ್ತಾಗಿತ್ತು.

“ಮೂಲೇಲಿ ಇಳೀತೀನಿ ಮೇಸ್ತ್ರಿ!” ಎಂದು ಒಬ್ಬ ಮಿನಿಬಸ್ಸಿನ ಪ್ರಯಾಣಿಕನ ಹಾಗೆ ಕೂಗಿದ.

“ನಂದೂ ಮೂಲೇನೇ! ದಾಟಿಸ್ಬಿಟ್ರಲ್ಲ ಮಾಮ!” ಎಂದು ಇನ್ನೊಬ್ಬ.

ಎಲೋಯ್ ತಿರುಗಿ ನೋಡದೆಯೇ, “ಕಾಸು ಕೊಟ್ಟಿದೀಯೇನೋ ಮೊದ್ಲು?” ಎಂದರು. ಬೆಂಚಿನ ತುಂಬ ನಗು. ಆಮೇಲೆ ಅವರನ್ನು ಗೇಲಿ ಮಾಡುವವರು ಕಡಿಮೆಯಾಗಲಿಲ್ಲ, ಆದರೆ ಅವರಿಗೆ ಜಾಗ ಬಿಡುವವರು ಹೆಚ್ಚಾದರು.

ಲಿಸೆತ್ ಹೇಳಿಕೊಡುವ ಕ್ರಮ ಬೇರೆಯವರ ಹಾಗಿರಲಿಲ್ಲ. ಆ ಮೊದಲ ದಿನದ ನಂತರ ಒಂದು ವಾರ ಅವರನ್ನು ಹಲಗೆಯ ಮೇಲೆ ಹತ್ತಿಸಲೇ ಇಲ್ಲ. ಬೇರೆಯವರು ಆಡುವಾಗ ಪಕ್ಕದಲ್ಲಿ ನಿಂತು ಬಾಣ ಗುರುತು ಮುಟ್ಟಿದ ಕೂಡಲೇ ಚಪ್ಪಾಳೆ ತಟ್ಟಲು ಹೇಳಿದಳು. ಯಾವ ಮೂಲೆ ಎಂಬುದು ಆಮೇಲೆ, ಹೊತ್ತು ಮೊದಲು ಎಂದು ಅವಳ ಲೆಕ್ಕ. ಎರಡನೇ ವಾರ ಜೆರಾಕ್ಸ್ ಅಂಗಡಿಯ ಹೊರಗೆ ಕಾಲುದಾರಿಯ ಮೇಲೆ ಸೀಮೆಸುಣ್ಣದಿಂದ ಐದು ಚೌಕ ಬರೆದಳು. ಅವಳು ಒಳಗೆ ಪುಟ ತಿರುಗಿಸುತ್ತ “ಮೇಲೆಡ, ಕೆಳಬಲ, ನಡು” ಎಂದು ಕೂಗುವಳು, ಅವರು ಹೊರಗೆ ತಲೆ ಬಗ್ಗಿಸದೆ ತುಳಿಯುವರು. ವಿದ್ಯಾರ್ಥಿಗಳು ಅವರನ್ನು ಸುತ್ತಿಕೊಂಡು ಹೋಗುತ್ತಿದ್ದರು.

ಮೂರನೇ ವಾರ ಹಲಗೆಗೆ ಹತ್ತಿದಾಗ ನಿಜವಾದ ತೊಂದರೆ ಕಂಡಿತು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊತ್ತು ಸರಿಯಾಗಿತ್ತು, ಮೂಲೆಯೂ ಸರಿಯಾಗಿತ್ತು, ಆದರೂ ಎಡಗಾಲಿಗೆ ಒಂದರ ಹಿಂದೆ ಒಂದು ಬಾಣ ಬಂದರೆ ಎರಡನೆಯದು ಪ್ರತಿಸಲವೂ ತಪ್ಪುತ್ತಿತ್ತು. ಅವರು ಹಿಮ್ಮಡಿಯನ್ನು ನೆಲಕ್ಕೂರಿ ಪಾದದ ಮುಂಭಾಗದಿಂದ ಒತ್ತುತ್ತಿದ್ದರು, ಆಮೇಲೆ ಮೆಲ್ಲಗೆ, ತುಂಬ ಮೆಲ್ಲಗೆ, ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಹಲಗೆ ಪೂರ್ತಿ ಮೇಲೇಳದೆ ಮತ್ತೆ ಒತ್ತಿದರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಬಾಲದ ಬಾಣ ಬಂದಾಗ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಬಾಲ ಮುಗಿಯುವ ಕ್ಷಣಕ್ಕೆ ಕಾಲು ಸಡಿಲವಾಗುತ್ತಿತ್ತು.

ಲಿಸೆತ್ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹಾಡು ಪೂರ್ತಿ ಅವರ ಹಿಮ್ಮಡಿಯನ್ನೇ ನೋಡಿದಳು.

“ಮೇಸ್ತ್ರಿ, ನೀವು ಕ್ಲಚ್ ಬಿಡ್ತಾ ಇದೀರ.”

“ಮತ್ತೇನು ಬಿಡ್ಲಿ?”

“ಅದು ಪೆಡಲ್ ಅಲ್ಲ, ಬಿಸಿ ಹಂಚು ಅಂದ್ಕೊಳ್ಳಿ. ಮುಟ್ಟಿ, ತಕ್ಷಣ ಎತ್ತಿ. ಹಿಮ್ಮಡೀನೂ ಎತ್ತಿ.”

“ಮಗಳೇ, ಇಪ್ಪತ್ತಾರು ವರ್ಷ ಈ ಕಾಲಿಗೆ ನಿಧಾನಕ್ಕೆ ಬಿಡು, ನಿಧಾನಕ್ಕೆ ಬಿಡು ಅಂತ ಹೇಳ್ಕೊಟ್ಟಿದೀನಿ. ಈಗ ಹಾರು ಅಂದ್ರೆ ಅದು ಯಾರ ಮಾತು ಕೇಳ್ಬೇಕು?”

“ಇಲ್ಲಿದ್ದಾಗ ನನ್ ಮಾತು. ಬಸ್ಸಲ್ಲಿ ನಿಮ್ಮಾತು.”

ಜೂನ್ ತಿಂಗಳೆಲ್ಲ ಹೀಗೇ ಹೋಯಿತು. ವಾರಕ್ಕೆ ನಾಲ್ಕು ದಿನ ಅವರು ಬರುತ್ತಿದ್ದರು. ಒಂದು ಸರದಿ ಆಡಿ, ಬೆಂಚಿನ ಮೇಲೆ ಕೂತು, ಪಾದಕ್ಕೆ ಮುಲಾಮು ತಿಕ್ಕಿಕೊಂಡು, ಬಿಲ್ಲೆಯನ್ನು ಮತ್ತೆ ಸಾಲಿನ ಕೊನೆಗೆ ಇಡುತ್ತಿದ್ದರು. ಇಡೀ ನೆಲಮಾಳಿಗೆಗೆ ಮುಲಾಮಿನ ವಾಸನೆ. ಎರಡನೇ ಮಟ್ಟ ದಾಟಲು ಹತ್ತು ದಿನ ಬೇಕಾಯಿತು, ಮೂರನೆಯದಕ್ಕೆ ಹನ್ನೆರಡು ದಿನ. ಪ್ರತಿ ಹೆಜ್ಜೆಯ ಮೇಲೆ ನಡುವಿನ ಹಲಗೆಗೆ ವಾಪಸು ಬಂದು ನಿಲ್ಲುವ ಅಭ್ಯಾಸ ಹೊಸಬರೆಲ್ಲರಿಗೂ ಇರುತ್ತದೆ, ಅದನ್ನೂ ಬಿಡಿಸಬೇಕಾಯಿತು. ಕಂಬಿಯನ್ನು ಮೊದಲು ಒಂದು ಕೈಯಿಂದ ಬಿಟ್ಟರು, ಆಮೇಲೆ ಎರಡೂ ಕೈಯಿಂದ. ಜೂನ್ ಕೊನೆಯ ಶನಿವಾರ ನಾಲ್ಕನೇ ಮಟ್ಟದ ಹಾಡೊಂದನ್ನು ಒಂದೂ ಮಿಸ್ ಇಲ್ಲದೆ ಮುಗಿಸಿದರು. ಬೆಂಚಿನವರು ಎದ್ದು ನಿಂತು ಶಿಳ್ಳೆ ಹಾಕಿದರು. ಎಲೋಯ್ ಕೆಳಗಿಳಿದು, ಕಾಲು ಮುಂದೆ ಚಾಚಿ, ಇದು ತನ್ನದೇ ಕಾಲು ಹೌದೋ ಅಲ್ಲವೋ ಎನ್ನುವ ಹಾಗೆ ನೋಡಿಕೊಂಡರು.

ಜುಲೈ ಎರಡನೇ ಭಾನುವಾರ ಅವರು ಐದು ತಿಂಗಳಾದ ಮೇಲೆ ಮೊದಲ ಸಲ ತಮ್ಮ ಗಾಡಿಯಲ್ಲಿ ಚಾಲಕನ ಜಾಗದಲ್ಲಿ ಕೂತರು. ಸಪಾಟಾದ ಮೈದಾನ, ಪಕ್ಕದಲ್ಲಿ ವಿಲ್ಮಾರ್. ಇದು ಎಲೋಯ್ ನಮಗೆ ಹೇಳಿದ್ದು. ಗೇರ್ ಹಾಕಿದರು, ಆಕ್ಸಿಲರೇಟರ್ ಮೆಟ್ಟಿದರು, ಎಡಗಾಲು ಕ್ಲಚ್ಚಿನಿಂದ ಬಿಸಿ ಹಂಚು ಮುಟ್ಟಿದ ಹಾಗೆ ಮೇಲೆ ಹಾರಿತು. ಗಾಡಿ ಒಂದು ಜಿಗಿತ ಜಿಗಿದು ಆಫ್ ಆಯಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಆಫ್. ಐದು ಸಲ ಹೀಗೇ ಆಯಿತು.

“ಮೇಸ್ತ್ರಿ, ಇದು ಬಸ್ಸೋ ಕುದುರೆಯೋ?” ಎಂದಷ್ಟೇ ವಿಲ್ಮಾರ್ ಕೇಳಿದ.

ಮರುದಿನ ಎಲೋಯ್ ನೆಲಮಾಳಿಗೆಗೆ ಬಂದು, ಸಾಲಿನಲ್ಲಿ ಬಿಲ್ಲೆ ಇಡದೆ, ನೇರವಾಗಿ ಲಿಸೆತ್‌ಳ ಮುಂದೆ ನಿಂತರು.

“ನೋವಿದ್ರೂ ಕಾಲು ನಂದಾಗಿತ್ತು. ನೀನು ವಾಸಿ ಮಾಡಿ ನಿಂದು ಮಾಡ್ಕೊಂಡ್ಬಿಟ್ಟೆ. ಇನ್ನು ನಾಲ್ಕು ವಾರ ಇದೆ. ನಾನೇನು ಮಾಡ್ಲಿ?”

ಲಿಸೆತ್‌ಳ ಮುಖ ಕೆಂಪಾಯಿತು. “ನಾನೇನು ಡಾಕ್ಟ್ರಾ? ನೀವೇ ಬಂದ್ರಿ, ನೀವೇ ಕೇಳಿದ್ರಿ” ಎಂದಳು. ಅವರು ಮೆಟ್ಟಿಲು ಹತ್ತಿ ಹೋದರು. ಆಗ ಕುಂಟುತ್ತಿರಲಿಲ್ಲ, ಅದನ್ನು ನಾವೆಲ್ಲ ಗಮನಿಸಿದೆವು, ಆದರೆ ಹೇಳುವ ಹೊತ್ತು ಅದಾಗಿರಲಿಲ್ಲ.

ಗುರುವಾರವಾದರೂ ಅವರು ಬರಲಿಲ್ಲ. ಅಷ್ಟು ದಿನವೂ ಲಿಸೆತ್ ತನ್ನ ಆಟ ಆಡದೆ, ಯಂತ್ರದ ಹಾಡುಗಳನ್ನು ಒಂದೊಂದಾಗಿ ಹಾಕಿ ನೋಡಿ, ಒಂದು ಚೀಟಿಯಲ್ಲಿ ಬರೆಯುತ್ತಿದ್ದಳು. ಶುಕ್ರವಾರ ಬೆಳಗ್ಗೆ ಚೀಟಿ ಹಿಡಿದು ನಿಲ್ದಾಣಕ್ಕೇ ಹೋದಳು. ಒಬ್ಬಳೇ ಹೋಗಲು ಮುಜುಗರವೆಂದು ನನ್ನನ್ನೂ ಕರೆದೊಯ್ದಳು.

“ಹನ್ನೊಂದು ಹಾಡಿದೆ ಮೇಸ್ತ್ರಿ. ಎಲ್ಲದ್ರಲ್ಲೂ ಎಡಗಡೆ ಬಾಲದ ಬಾಣ, ಬಲಗಡೆ ಚಿಕ್ಕ ಬಾಣ. ಎಡಗಾಲು ಹಿಡ್ಕೊಂಡಿರ್ಬೇಕು, ಬಲಗಾಲು ಓಡ್ಬೇಕು. ಬಸ್ಸಲ್ಲೂ ಹಾಗೇ ತಾನೆ?”

ಎಲೋಯ್ ಚೀಟಿ ತೆಗೆದುಕೊಂಡು ಕಣ್ಣಿನಿಂದ ದೂರ ಹಿಡಿದು ಓದಿದರು. “ಅಕ್ಷರ ಇಷ್ಟು ಚಿಕ್ಕದಾಗಿ ಯಾಕೆ ಬರೀತೀಯ? ಜೆರಾಕ್ಸ್ ಅಂಗ್ಡೀಲಿ ದೊಡ್ಡದು ಮಾಡ್ಕೊಡಲ್ವಾ?” ಎಂದರು. ಮಧ್ಯಾಹ್ನ ಬಂದು ಬಿಲ್ಲೆ ಇಟ್ಟರು.

ಅಲ್ಲಿಂದ ಮುಂದೆ ಅವರ ದಿನ ಎರಡು ಭಾಗವಾಯಿತು. ನಸುಕಿನಲ್ಲಿ ವಿಲ್ಮಾರ್ ಲೈನಿಗೆ ಹೊರಡುವ ಮೊದಲು ಅರ್ಧ ಗಂಟೆ ಗಾಡಿಯಲ್ಲಿ, ಮಧ್ಯಾಹ್ನ ಯಂತ್ರದ ಮೇಲೆ. ವಿಲ್ಮಾರ್ ಆ ಅರ್ಧ ಗಂಟೆಗೆ ಬೇಡ ಎನ್ನಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಕಾಲಿಗೆ ಎರಡು ನಡೆಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ಬರುತ್ತದೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೆಲವು ದಿನ ಗಾಡಿ ಒಮ್ಮೆಯೂ ಆಫ್ ಆಗುತ್ತಿರಲಿಲ್ಲ, ಕೆಲವು ದಿನ ಮೂರು ಸಲ ಆಗುತ್ತಿತ್ತು.

ಪರೀಕ್ಷೆ ಆಗಸ್ಟ್ ಒಂಬತ್ತನೇ ತಾರೀಕು, ಭಾನುವಾರ ಬೆಳಗ್ಗೆ. ಬೀದಿಯ ಎರಡೂ ಕಡೆ ಸಂಘದ ಮೂವತ್ತು ನಲವತ್ತು ಚಾಲಕರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದರು. ಸಂಘದ ಮುಖ್ಯಸ್ಥ ದೋನ್ ಫಾವ್ಸ್ತೊ ಹಿಂದಿನ ಚಕ್ರದ ಬುಡದಲ್ಲಿ ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು, ಬೆಂಕಿಪೊಟ್ಟಣಗಳನ್ನು ವಿಲ್ಮಾರ್‌ನ ಕೈಗೆ ಕೊಟ್ಟರು. ಬದಲಿ ಚಾಲಕನೇ ಪೊಟ್ಟಣ ಇಡಬೇಕೆಂಬುದು ಅಲ್ಲಿಯ ವಾಡಿಕೆ. ಸ್ಥಾನಕ್ಕೆ ಕಾಯುತ್ತಿರುವವನು ಇಟ್ಟರೆ ಮೋಸದಿಂದ ದೂರ ಇಟ್ಟನೆಂದು ಯಾರೂ ಹೇಳಲಾರರು.

ಮೊದಲನೆಯ ಸಲ ಎಡಗಾಲು ಹಾರಿತು. ಗಾಡಿ ಆಫ್ ಆಗಿ ಒಂದಡಿ ಹಿಂದೆ ಬಂತು. ಪೊಟ್ಟಣ ಕಾಗದದಷ್ಟು ತೆಳ್ಳಗಾಯಿತು.

“ಕಡ್ಡಿ ಹೊತ್ಕೊಳ್ಳಲಿಲ್ಲ, ಪುಣ್ಯ!” ಎಂದು ಯಾರೋ ಅಂದರು. ನೋಡಲು ಬಂದು ನನ್ನ ಪಕ್ಕ ನಿಂತಿದ್ದ ಲಿಸೆತ್ ಬೆರಳುಗಳನ್ನು ಬಾಯಿಗಿಟ್ಟುಕೊಂಡಿದ್ದಳು.

ಎರಡನೆಯ ಸಲ ಎಲೋಯ್ ಹಿಮ್ಮಡಿಯನ್ನು ನೆಲಕ್ಕೂರಿ ಕ್ಲಚ್ಚು ಹಿಡಿದರು. ಇಂಜಿನ್ನಿನ ಸದ್ದು ನಿಧಾನವಾಗಿ ಬದಲಾಯಿತು, ಗಾಡಿಯ ಮೂತಿ ತುಸು ಎದ್ದಿತು, ಚಕ್ರ ಮುಂದಕ್ಕೆ ಉರುಳಿತು. ವಿಲ್ಮಾರ್ ಪೊಟ್ಟಣ ಎತ್ತಿ ತೋರಿಸಿದ. ಒಂದು ಮೂಲೆಯೂ ಬಾಗಿರಲಿಲ್ಲ.

ಮೂರನೆಯ ಸಲವೂ ಹಾಗೆಯೇ ಹೊರಟಿತು. ಗಾಡಿ ಒಂದು ಗೇಣು ಮುಂದೆ ಹೋಗಿತ್ತಷ್ಟೆ, ಮೇಲಿನ ಓಣಿಯಿಂದ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಹೊತ್ತ ಮುದುಕರೊಬ್ಬರು ಎದುರಿಗೇ ಬಂದುಬಿಟ್ಟರು. ಸಿಲಿಂಡರ್ ಅಡ್ಡವಾಗಿ ಅವರಿಗೆ ಗಾಡಿ ಕಂಡಿರಲಿಲ್ಲ. ಕ್ಲಚ್ಚು, ಬ್ರೇಕು ಎರಡೂ ಒಂದೇ ಹೊಡೆತಕ್ಕೆ ಕೆಳಗೆ ಹೋದವು. ಗಾಡಿ ನಿಂತಲ್ಲೇ ನಿಂತಿತು, ಆಫ್ ಆಗಲಿಲ್ಲ.

“ಕಣ್ಣು ಮನೇಲಿಟ್ಟು ಬಂದಿದೀಯೇನೋ?” ಎಂದು ಮುದುಕರು ಎಲೋಯ್‌ಗೆ ಬೈದರು.

“ತಪ್ಪಾಯ್ತು ಅಪ್ಪಾ, ದಾಟಿ, ದಾಟಿ” ಎಂದರು ಎಲೋಯ್. ಮುದುಕರು ದಾಟಿದ ಮೇಲೆ ಅಲ್ಲಿಂದಲೇ ಮತ್ತೆ ಹೊರಟು, ಬೀದಿಯ ತುದಿಯವರೆಗೆ ಹೋಗಿ ನಿಲ್ಲಿಸಿದರು.

ಪೊಟ್ಟಣ ಉಳಿದಿತ್ತು. ಚಾಲಕರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ದೋನ್ ಫಾವ್ಸ್ತೊ ಕೈ ಎತ್ತಿದರು.

“ತಡೀರಪ್ಪಾ. ಇದು ಲೆಕ್ಕಕ್ಕಿಲ್ಲ. ಮಧ್ಯ ನಿಂತ್ರು. ಆಮೇಲೆ ಹೊರಟಾಗ ಗಾಡಿ ಗೇಣು ಮುಂದಿತ್ತು. ಹಿಂದೆ ಸರಿದಿದ್ರೂ ಪೊಟ್ಟಣಕ್ಕೆ ತಾಗ್ತಿರ್ಲಿಲ್ಲ. ಸರೀತೋ ಇಲ್ವೋ ಅಂತ ನೋಡ್ದೋರ್ಯಾರು?”

“ನಾವೆಲ್ಲ ನೋಡಿದೀವಿ!” ಎಂದು ಚಾಲಕರು ಕೂಗಿದರು.

“ನೀವು ನೋಡಿದ್ದು ಆ ಮುದುಕಪ್ಪನ್ನ. ನಾನೂ ಅಷ್ಟೇ.”

ಅದು ನ್ಯಾಯವಾದ ಮಾತಾಗಿತ್ತು. ಗದ್ದಲವಾಯಿತು. ನಿಯಮದಲ್ಲಿ ನಾಲ್ಕನೆಯ ಸಲ ಎಂಬುದಿಲ್ಲ. ಎಲೋಯ್ ಗಾಡಿಯಿಂದ ಇಳಿದು ಬಂದು ಬಾಗಿಲಿಗೆ ಒರಗಿ ನಿಂತರು. ಎಡಗಾಲಿನ ಮೇಲೆ ಭಾರ ಹಾಕಲಿಲ್ಲ.

ವಿಲ್ಮಾರ್ ಇನ್ನೂ ಸುಣ್ಣದ ಗೆರೆಯ ಹತ್ತಿರವೇ ಕೂತಿದ್ದ.

“ದೋನ್ ಫಾವ್ಸ್ತೊ, ಪೊಟ್ಟಣ ಎಲ್ಲಿದೆ ನೋಡಿ” ಎಂದ.

ಎಲ್ಲರೂ ಬಗ್ಗಿ ನೋಡಿದರು. ಪೊಟ್ಟಣ ಗೆರೆಯ ಮೇಲಿರಲಿಲ್ಲ. ಗೆರೆಯಿಂದ ಒಂದು ಗೇಣು ಮೇಲಿತ್ತು.

“ಗಾಡಿ ನಿಂತ ತಕ್ಷಣ ನಾನು ಅದನ್ನ ಮತ್ತೆ ಚಕ್ರಕ್ಕೆ ತಾಗ್ಸಿಟ್ಟೆ. ಅಲ್ಲಿಂದ ಹೊರಟ್ರು. ಒಂದು ಕೂದಲಷ್ಟೂ ಹಿಂದೆ ಬರ್ಲಿಲ್ಲ.”

“ನಿಂಗೆ ಇಡು ಅಂತ ಯಾರು ಹೇಳಿದ್ರು?”

“ಪೊಟ್ಟಣ ಇಡೋ ಕೆಲಸ ನಂದು ಅಂದ್ರಿ. ಇಟ್ಟೆ.”

ದೋನ್ ಫಾವ್ಸ್ತೊ ಕೂತು ಗೆರೆಗೂ ಪೊಟ್ಟಣಕ್ಕೂ ನಡುವೆ ಕೈಯಿಂದ ಅಳೆದರು. ವಿಲ್ಮಾರ್‌ನ ಮುಖ ನೋಡಿದರು. ಆಮೇಲೆ ಪೊಟ್ಟಣವನ್ನು ಎತ್ತಿ, ಅದರಿಂದ ಒಂದು ಕಡ್ಡಿ ತೆಗೆದು, ತಮ್ಮ ಸಿಗರೇಟು ಹೊತ್ತಿಸಿಕೊಂಡರು. “ಸರಿ. ಎರಡು” ಎಂದರು. ಚಾಲಕರು ಎಲೋಯ್ ಅವರ ಬೆನ್ನು ತಟ್ಟಿ ತಟ್ಟಿ ಅವರು ಮುಗ್ಗರಿಸುವ ಹಾಗಾಯಿತು.

ವಿಲ್ಮಾರ್‌ಗೆ ಎಲೋಯ್ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇಬ್ಬರೂ ಗಾಡಿಯ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಆ ವಾರದಿಂದ ಬೆಳಗಿನ ಸುತ್ತುಗಳು ಎಲೋಯ್‌ಗೆ, ಮಧ್ಯಾಹ್ನದ ಮೇಲಿನವು ವಿಲ್ಮಾರ್‌ಗೆ ಎಂದಾಯಿತು. ಇಡೀ ದಿನ ಕ್ಲಚ್ಚು ಹಿಡಿಯಲು ಆ ಕಾಲಿಗೆ ಹೇಗೂ ಆಗುತ್ತಿರಲಿಲ್ಲ ಎಂದು ದೋನ್ಯಾ ಬಾಸಿಲಿಯಾ ಹೇಳುತ್ತಾರೆ.

ಸೋಮವಾರ ಬೆಳಗ್ಗೆ ಐದೂವರೆಗೆ ಅವರ ಮೊದಲ ಸುತ್ತು ಹೊರಟಿತು. ಗಾಡಿ ತುಂಬಿತ್ತು. ಇಳಿಯುವಾಗ ಏನೂ ಆಗಲಿಲ್ಲ. ವಾಪಸು ಏರುವಾಗ, ಆಸ್ಪತ್ರೆಯ ಹತ್ತಿರದ ತಿರುವಿನಲ್ಲಿ ಎಡಗಾಲು ಒಮ್ಮೆ ತಪ್ಪಿ ಗಾಡಿ ಆಫ್ ಆಯಿತು. ಹಿಂದಿನ ಗಾಡಿಗಳು ಹಾರ್ನ್ ಒತ್ತಿದವು.

“ಏನ್ ಮೇಸ್ತ್ರಿ, ನಿದ್ದೆನಾ? ಕೆಲ್ಸಕ್ಕೆ ಹೋಗ್ಬೇಕು ನಾವು!” ಎಂದು ಹಿಂದಿನ ಸೀಟಿನ ಹೆಂಗಸೊಬ್ಬರು ಕೂಗಿದರು.

“ನಾನೂ ಕೆಲ್ಸಕ್ಕೇ ಬಂದಿದೀನಿ ತಾಯಿ” ಎಂದು ಎಲೋಯ್ ಕೀಲಿ ತಿರುಗಿಸಿದರು. ಗಾಡಿ ಹೊರಟಿತು.